ಗೂಬೆ ಉಗುಳಿದ ಕೆಂಪು ದಾರ

ಕತ್ತರಿಯಕ್ಕ ಸಂಶೋಧನಾ ಕೇಂದ್ರಕ್ಕೆ ಕಸ ಗುಡಿಸುವ ಕೆಲಸಕ್ಕೆ ಸೇರಿದ ಮೂರನೆಯ ದಿನವೇ ವಿಜ್ಞಾನಕ್ಕೆ ಮೂರು ತಿಂಗಳ ನಷ್ಟ ಮಾಡಿದಳು. ಪ್ರಯೋಗಾಲಯದ ಕಿಟಕಿ ಪಕ್ಕದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಹೆಬ್ಬೆರಳು ದಪ್ಪದ ಕಪ್ಪು ಉಂಡೆಗಳನ್ನು ಯಾರೋ ಸಾಲಾಗಿ ಒಣಗಲು ಇಟ್ಟಿದ್ದರು. ಮೈತುಂಬ ಕೂದಲು ಮೆತ್ತಿಕೊಂಡು, ಅಲ್ಲಲ್ಲಿ ಮೂಳೆ ಚುಚ್ಚಿಕೊಂಡು ಹೊರಗೆ ಬಂದಿದ್ದ ಆ ಉಂಡೆಗಳನ್ನು ನೋಡಿ, ಯಾವುದೋ ಬೆಕ್ಕು ಹೊಟ್ಟೆ ಕೆಡಿಸಿಕೊಂಡು ಊರೆಲ್ಲ ಬಿಟ್ಟು ಇಲ್ಲೇ ಬಂದು ಕೂತಿದೆ ಅಂದುಕೊಂಡಳು. ಉಸಿರು ಬಿಗಿಹಿಡಿದು ಪತ್ರಿಕೆಯ ನಾಲ್ಕು ಮೂಲೆ ಎತ್ತಿ ಗಂಟು ಕಟ್ಟಿ ಕಸದ ಡಬ್ಬಕ್ಕೆ ಹಾಕಿದಳು. ಆಮೇಲೆ ಮೇಜನ್ನು ಎರಡು ಸಲ ಒರೆಸಿದಳು. ಮೇಜು ಕನ್ನಡಿಯ ಹಾಗೆ ಹೊಳೆಯಿತು.

ಹತ್ತು ಗಂಟೆಗೆ ಡಾಕ್ಟ್ರಮ್ಮ ಬಂದರು. ಹೊಳೆಯುವ ಮೇಜನ್ನು ನೋಡಿ ನಿಂತಲ್ಲೇ ನಿಂತರು.

“ಇಲ್ಲಿದ್ದದ್ದು ಎಲ್ಲಿ?”

“ಕಸಕ್ಕೆ ಹಾಕ್ದೆ. ಇಷ್ಟು ಓದಿದವರು ಕೂರೋ ಜಾಗ ಅಮ್ಮ, ಅಂಥ ಗಲೀಜೆಲ್ಲ ಇಟ್ಕೋಬಾರ್ದು.”

ಈ ಡಾಕ್ಟ್ರಮ್ಮ ಮದ್ದು ಕೊಡುವ ಡಾಕ್ಟರಲ್ಲ. ಗೂಬೆಗಳ ಬಗ್ಗೆ ಓದಿ ಡಾಕ್ಟರ್ ಅನ್ನಿಸಿಕೊಂಡವರು. ಮೂವತ್ತು ದಾಟಿದ್ದರೂ ಮೇಲೆ ನೋಡಿಕೊಂಡೇ ನಡೆದು ವಾರಕ್ಕೆರಡು ಸಲ ಎಡವುವವರು. ಹೊಲಕ್ಕೆ ಹೊಡೆಯುವ ಔಷಧಿ, ರಸ್ತೆಯ ದೀಪ, ಮುಚ್ಚಿಹೋದ ಹೊಂಡ, ಹೀಗೆ ಮನುಷ್ಯರ ಯಾವ ಘನಕಾರ್ಯದಿಂದ ಯಾವ ಜೀವಿ ಎಷ್ಟು ಕಡಿಮೆಯಾಗುತ್ತಿದೆ ಎಂದು ಕಂಡುಹಿಡಿಯುವುದು ಆ ಕೇಂದ್ರದ ಕೆಲಸ. ಅದರಲ್ಲಿ ಗೂಬೆಯ ಪಾಲು ಡಾಕ್ಟ್ರಮ್ಮನದು. ಅವರು ಬೈಯಲಿಲ್ಲ. ಸೀದಾ ಹೋಗಿ ಕಸದ ಡಬ್ಬವನ್ನು ನೆಲಕ್ಕೆ ಬೋರಲು ಹಾಕಿ, ಅದರ ಮುಂದೆ ಕಾಲು ಮಡಿಸಿ ಕೂತು ಹುಡುಕತೊಡಗಿದರು. ಓದಿದ ಹೆಂಗಸು ಕಸ ಕೆದಕುವುದನ್ನು ನೋಡಲಾರದೆ ಕತ್ತರಿಯಕ್ಕನೂ ಎದುರಿಗೆ ಕೂತಳು.

“ಗೂಬೆ ಇಲೀನ ಇಡಿಯಾಗಿ ನುಂಗುತ್ತೆ, ಅಕ್ಕ. ಮಾಂಸ ಕರಗುತ್ತೆ. ಕರಗದ ಮೂಳೆ, ಕೂದಲು ಎಲ್ಲ ಸೇರಿಸಿ ಉಂಡೆ ಮಾಡಿ ಉಗುಳುತ್ತೆ. ಆ ಉಂಡೆ ಬಿಡಿಸಿ ನೋಡಿದ್ರೆ ಅದು ಏನೇನು ತಿಂತು ಅಂತ ಗೊತ್ತಾಗುತ್ತೆ.”

“ಅಂದ್ರೆ ಇದು ಆ ಕಡೆಯಿಂದ ಬಂದದ್ದಲ್ಲ. ಬಾಯಿಂದ ಬಂದದ್ದು.”

“ಹೌದು.”

“ಹಾಗಿದ್ರೆ ಪರವಾಗಿಲ್ಲ ಬಿಡಿ,” ಎಂದು ಕತ್ತರಿಯಕ್ಕ ತೋಳು ಮಡಿಸಿದಳು.

ಅವಳಿಗೆ ಆ ಹೆಸರು ಬಂದದ್ದು ಹಿಂದಿನ ಕೆಲಸದಲ್ಲಿ. ಹನ್ನೊಂದು ವರ್ಷ ಒಂದು ಗಾರ್ಮೆಂಟ್ಸಿನಲ್ಲಿ, ಹೊಲಿದು ಬಂದ ಅಂಗಿಗಳಲ್ಲಿ ಅಲ್ಲಲ್ಲಿ ನೇತಾಡುವ ದಾರ ಕತ್ತರಿಸುತ್ತ ಕೂತಿದ್ದಳು. ಕೊರಳಲ್ಲಿ ಸದಾ ಒಂದು ಪುಟ್ಟ ಕತ್ತರಿ ತೂಗುತ್ತಿತ್ತು. ಹೆಸರು ಅದರಿಂದ ಬಂತೆಂದು ಅವಳು ಹೇಳುತ್ತಿದ್ದಳು; ಜೊತೆಗಿದ್ದವರು ಮಾತ್ರ ಅವಳ ನಾಲಿಗೆಯಿಂದ ಬಂತು ಅನ್ನುತ್ತಿದ್ದರು. ಒಂದು ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಗೇಟಿಗೆ ಬೀಗ. ಒಳಗಿದ್ದ ತನ್ನ ಚಪ್ಪಲಿಗೂ ಛತ್ರಿಗೂ ಆಸೆ ಬಿಟ್ಟು, ಯಾವಾಗಲೋ ಮನೆಗೆ ತಂದಿಟ್ಟುಕೊಂಡಿದ್ದ ಒಂದು ಡಬ್ಬಿ ದಾರದುಂಡೆಗಳನ್ನೇ ಹನ್ನೊಂದು ವರ್ಷದ ಬಹುಮಾನ ಎಂದುಕೊಂಡಳು. ಆದರೆ ಆ ವರ್ಷಗಳು ಅವಳ ಕಣ್ಣಿಗೆ ಸಾಣೆ ಹಿಡಿದಿದ್ದವು. ಬೆಣ್ಣೆಯಲ್ಲಿನ ಕೂದಲನ್ನು ಬೆಣ್ಣೆಗೂ ಗೊತ್ತಾಗದ ಹಾಗೆ ತೆಗೆಯುವ ಬೆರಳು ಅವಳದು. ಅಂದು ಸಂಜೆಯೊಳಗೆ, ಡಾಕ್ಟ್ರಮ್ಮ “ಇದು ಮುಗೀತು” ಎಂದು ಪಕ್ಕಕ್ಕಿಟ್ಟಿದ್ದ ಕೂದಲ ರಾಶಿಯಿಂದ ಹನ್ನೊಂದು ಪುಟ್ಟ ದವಡೆ ಹೆಕ್ಕಿ ತೋರಿಸಿದಳು.

ಡಾಕ್ಟ್ರಮ್ಮ ಭೂತಗನ್ನಡಿ ಕೆಳಗಿಟ್ಟರು. “ಅಕ್ಕ, ನಾಳೆಯಿಂದ ಬೆಳಿಗ್ಗೆ ಗುಡಿಸಿ. ಮಧ್ಯಾಹ್ನ ನನ್ನ ಹತ್ರ ಬನ್ನಿ.”

ಮನೆಯಲ್ಲಿ ಇದಕ್ಕೆ ಮಿಶ್ರ ಪ್ರತಿಕ್ರಿಯೆ ಬಂತು. ಬಸ್ ಕಂಡಕ್ಟರಾಗಿದ್ದ ಗಂಡ, ಅವಳು ಸೋಪು ಹಾಕಿ ಮೂರು ಸಲ ಕೈ ತೊಳೆದದ್ದನ್ನು ಎಣಿಸಿದ ಮೇಲೆಯೇ ತಟ್ಟೆ ಮುಂದೆ ಕೂರುತ್ತಿದ್ದ. ಅತ್ತೆಗೆ ಮಾತ್ರ ಹೆಮ್ಮೆ. ಸೊಸೆ ಈಗ ದೊಡ್ಡ ಡಾಕ್ಟರ ಹತ್ತಿರ ಇದ್ದಾಳೆ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದರು. ಯಾವ ಕಾಯಿಲೆಯ ಡಾಕ್ಟರು ಎಂದು ಪಕ್ಕದ ಮನೆಯವಳು ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, “ವಾಂತಿ,” ಎಂದರು.

ಹೀಗೆ ನಾಲ್ಕು ವರ್ಷ ನಡೆಯಿತು. ಕೇಂದ್ರದ ಆವರಣದ ಮೂಲೆಯಲ್ಲಿ ಒಂದು ಹಳೆಯ ನೀರಿನ ಟ್ಯಾಂಕಿತ್ತು. ನೀರು ನಿಂತು ಎಷ್ಟೋ ಕಾಲವಾಗಿದ್ದ ಅದರ ಹೊಟ್ಟೆಯಲ್ಲಿ ಬಿಳಿ ಮುಖದ ಗೂಬೆಗಳ ಒಂದು ಜೋಡಿ ಸಂಸಾರ ಹೂಡಿತ್ತು. ಕತ್ತರಿಯಕ್ಕ ದಿನಾ ಬೆಳಿಗ್ಗೆ ಕಬ್ಬಿಣದ ಏಣಿಯ ಬುಡದಿಂದ ಉಂಡೆ ಹೆಕ್ಕಿ ತಂದು, ಬಿಸಿನೀರಿನಲ್ಲಿ ನೆನೆಹಾಕಿ, ಚಿಮುಟದಿಂದ ಬಿಡಿಸುತ್ತಿದ್ದಳು. ಹಲ್ಲು ನೋಡಿ ಮನೆ ಇಲಿಯೋ ಹೊಲದ ಇಲಿಯೋ ಹೇಳುತ್ತಿದ್ದಳು. ಗೂಬೆಗಳ ಊಟದ ವಿಚಾರ ಅವಳಿಗೆ ಗಂಡನ ಊಟದ ವಿಚಾರಕ್ಕಿಂತ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಗೂಬೆಗಳು ಬಸ್ ನಿಲ್ದಾಣದಲ್ಲಿ ಬೋಂಡಾ ತಿಂದು ಬಂದು ಹಸಿವಿಲ್ಲ ಅನ್ನುತ್ತಿರಲಿಲ್ಲ.

ಐದನೆಯ ವರ್ಷ ಟ್ಯಾಂಕಿನಲ್ಲಿ ನಾಲ್ಕು ಮರಿಗಳಾದವು. ಒಂದು ಮಾತ್ರ ಉಳಿದು, ಮೂರು ಒಂದೇ ವಾರದಲ್ಲಿ ಸತ್ತವು. ಮೈಮೇಲೆ ಒಂದು ಗಾಯವಿಲ್ಲ, ಹೊಟ್ಟೆ ತುಂಬ ಊಟವಿದೆ. ಡಾಕ್ಟ್ರಮ್ಮ ಮೂರರ ಯಕೃತ್ತನ್ನೂ ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬಂದ ದಿನ ಅದನ್ನು ಓದಿ, ಕತ್ತರಿಯಕ್ಕನಿಗೆ ಅರ್ಥವಾಗುವ ಹಾಗೆ ಹೇಳಿದರು.

“ಇಲಿ ಪಾಷಾಣ, ಅಕ್ಕ. ಇದನ್ನ ತಿಂದ ಇಲಿ ತಕ್ಷಣ ಸಾಯಲ್ಲ. ಒಳಗೊಳಗೇ ರಕ್ತ ಸೋರಿ ನಾಲ್ಕೈದು ದಿನ ಮಂಕು ಬಡಿದ ಹಾಗೆ ಬಯಲಲ್ಲಿ ಓಡಾಡುತ್ತೆ. ಗೂಬೆಗೆ ಅದಕ್ಕಿಂತ ಸುಲಭದ ಬೇಟೆ ಯಾವುದಿದೆ? ತಂದು ಮರಿಗೆ ಕೊಡುತ್ತೆ. ಇಲಿ ಹೊಟ್ಟೇಲಿದ್ದ ವಿಷ ಮರಿ ಲಿವರ್‌ಗೆ ಸೇರುತ್ತೆ.”

ಕತ್ತರಿಯಕ್ಕನ ಚಿಮುಟ ಅಲ್ಲೇ ನಿಂತಿತು. ಅಂದು ಬೆಳಿಗ್ಗೆ ಒಂಬತ್ತಕ್ಕೆ ಅವಳು ತನ್ನ ಕೈಯಾರೆ, ಆವರಣದಲ್ಲೇ ಇದ್ದ ನಿರ್ದೇಶಕರ ಬಂಗಲೆಯ ಸುತ್ತ ಇಟ್ಟಿದ್ದ ಎಂಟು ಡಬ್ಬಿಗಳಿಗೆ ತಲಾ ಒಂದು ಲೋಟ ನೀಲಿ ಕಾಳು ಸುರಿದು ಬಂದಿದ್ದಳು.

ನಿರ್ದೇಶಕರು ಕೆಟ್ಟವರಲ್ಲ. ಮೂವತ್ತು ವರ್ಷ ಹಕ್ಕಿಗಳ ಹಿಂದೆ ಅಲೆದವರು. ಪತ್ರಿಕೆಗಳಲ್ಲಿ ‘ರೈತನ ಮಿತ್ರ ಗೂಬೆ’ ಎಂದು ಬರೆದವರು. ಒಮ್ಮೆ ಕಾಡಿನಲ್ಲಿ ಕರಡಿ ಎದುರಿಗೆ ಬಂದಾಗ ಅಲುಗಾಡದೆ ನಿಂತು ಅದನ್ನೇ ವಾಪಸ್ ಕಳಿಸಿದ್ದರಂತೆ. ಆದರೆ ಇಲಿ ಕಂಡರೆ ಮಾತ್ರ ಆ ಆರಡಿ ಆಳು ಕುರ್ಚಿ ಹತ್ತಿ ನಿಲ್ಲುತ್ತಿದ್ದರು. ಕಚೇರಿಯಲ್ಲೂ ಎರಡೂ ಕಾಲು ಎತ್ತಿ ಮೇಜಿನ ಅಡ್ಡಪಟ್ಟಿಯ ಮೇಲಿಟ್ಟುಕೊಂಡೇ ಕೂರುತ್ತಿದ್ದರು. ಪಾಷಾಣದ ಡಬ್ಬಿಗಳಿಗೆ ಇಲಿ ನುಗ್ಗುವಷ್ಟೇ ತೂತು, ಮೇಲೆ ಬೀಗ. ಯಾವ ಹಕ್ಕಿಯೂ ಒಳಗೆ ಹೋಗಲಾರದು ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಒಳಗೆ ಹೋದ ಇಲಿ ಹೊರಗೆ ಬರುತ್ತದೆ ಎಂಬುದನ್ನು ಮಾತ್ರ, ಇಲಿಯನ್ನು ನೆನೆಸಿಕೊಳ್ಳಲೂ ಇಷ್ಟವಿಲ್ಲದೆ, ಯೋಚಿಸಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂದರೆ ಇದೇ. ಆದರೆ ಬೇಲಿಗೆ ತಾನು ಮೇಯುತ್ತಿರುವುದು ಗೊತ್ತಿರಲಿಲ್ಲ.

ಡಾಕ್ಟ್ರಮ್ಮ ವರದಿ ಹಿಡಿದು ಕಚೇರಿಗೆ ಹೋದಾಗ ಕತ್ತರಿಯಕ್ಕ ಚಹಾ ತಟ್ಟೆ ಹಿಡಿದು ಬಾಗಿಲಲ್ಲೇ ಇದ್ದಳು.

“ಇದು ಗೋದಾಮಿನವರ ಕೆಲಸ,” ಎಂದರು ನಿರ್ದೇಶಕರು. ಕಾಂಪೌಂಡಿನ ಆಚೆ ಧಾನ್ಯದ ದೊಡ್ಡ ಗೋದಾಮೊಂದಿತ್ತು. “ಅಲ್ಲಿ ಇಲಿ ಇರುತ್ತೆ, ಇಲಿ ಇದ್ದ ಕಡೆ ಪಾಷಾಣ ಇರುತ್ತೆ. ಇವತ್ತೇ ಅವರಿಗೊಂದು ಕಾಗದ ಹೋಗ್ಲಿ.”

ಕತ್ತರಿಯಕ್ಕ ಗಂಟಲು ಸರಿಮಾಡಿಕೊಂಡಳು. “ಸಾರ್, ಆ ಡಬ್ಬಿಗಳು...”

“ಚಹಾ ಅಲ್ಲಿಡಮ್ಮ. ಸಕ್ಕರೆ ಬೇರೆ ತಾ.”

ಸತ್ತದ್ದೂ ಗೂಬೆ, ಬಡ ಗೋದಾಮಿನ ಹೆಗಲ ಮೇಲೆ ಕೂರಿಸಿದ್ದೂ ಗೂಬೆ. ಕತ್ತರಿಯಕ್ಕ ಚಹಾ ಇಟ್ಟು ಹೊರಗೆ ಬಂದಳು. ಡಾಕ್ಟ್ರಮ್ಮನಿಗೆ ಆ ಎಂಟು ಡಬ್ಬಿಗಳ ಸುದ್ದಿ ಗೊತ್ತಿರಲಿಲ್ಲ. ಬಂಗಲೆ ಎತ್ತರದ ಬೇಲಿಯ ಹಿಂದಿತ್ತು. ಹೇಳಿಬಿಡೋಣವೇ ಎಂದು ಎರಡು ದಿನ ತೂಗಿ ನೋಡಿದಳು. ಆದರೆ ಡಾಕ್ಟ್ರಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಕೇಳಿದ ಕ್ಷಣ ಸೀದಾ ಹೋಗಿ ಜಗಳ ಆಡುತ್ತಾರೆ. ಅವರದು ವರ್ಷ ವರ್ಷವೂ ಮುಂದುವರಿಸಬೇಕಾದ ಗುತ್ತಿಗೆ ಕೆಲಸ, ಮುಂದುವರಿಸುವ ಕೈ ನಿರ್ದೇಶಕರದು. ಸಾಕ್ಷಿ ಎಲ್ಲಿ ಎಂದು ಅವರು ಕೇಳಿದರೆ? ಗೂಬೆ ಬಂದು ನ್ಯಾಯಾಲಯದಲ್ಲಿ ಹೇಳುತ್ತದೆಯೇ?

ಮೂರನೆಯ ದಿನ ಊಟದ ಹೊತ್ತಿಗೆ ಗಂಡ ಸುದ್ದಿ ತಂದ. ಗೋದಾಮಿನ ಕಾವಲುಗಾರ ಅವನ ಬಸ್ಸಿನಲ್ಲೇ ಓಡಾಡುವವನು; ದಾರಿಯುದ್ದಕ್ಕೂ ಕೂಗಾಡಿದ್ದನಂತೆ.

“ಅವರ ಹತ್ರ ಹದಿನಾಲ್ಕು ಬೆಕ್ಕು ಇದ್ಯಂತೆ. ಪಾಷಾಣ ಹಾಕಿದ್ರೆ ಮೊದಲು ಸಾಯೋದು ನಮ್ಮ ಬೆಕ್ಕು, ಅಷ್ಟೂ ತಿಳಿಯಲ್ವಾ ಆ ಓದಿದವರಿಗೆ ಅಂತಾನೆ.”

ಕತ್ತರಿಯಕ್ಕ ಊಟ ಮುಗಿಸಿ ಎದ್ದು, ಅಟ್ಟದ ಮೇಲಿನ ದಾರದ ಡಬ್ಬಿ ಇಳಿಸಿದಳು. ಕೆಂಪು ಮತ್ತು ಹಳದಿ ಉಂಡೆ ಆರಿಸಿ, ಕತ್ತರಿ ತೆಗೆದು, ಗೋಧಿ ಕಾಳಿನ ಅರ್ಧದಷ್ಟು ಉದ್ದಕ್ಕೆ ದಾರ ಕತ್ತರಿಸತೊಡಗಿದಳು.

“ಏನೇ ಅದು?” ಎಂದರು ಅತ್ತೆ.

“ಇಲಿಗಳಿಗೆ ತಿಂಡಿ, ಅತ್ತೆ. ನೀವು ಸ್ವಲ್ಪ ಗೋಧಿ ಹಿಟ್ಟು ಕಲಸಿಕೊಡಿ. ಕೇಕಿಗೆ ಹಾಕೋ ನೀಲಿ ಬಣ್ಣ ತಂದಿದ್ದೀನಿ.”

ವಿಷಯ ಪೂರ್ತಿ ಕೇಳಿದ ಅತ್ತೆಯ ಕಣ್ಣು ಮಿನುಗಿದವು. ಎಪ್ಪತ್ತು ವರ್ಷದ ಬಾಳಿನಲ್ಲಿ ಅವರಿಗೆ ಸಿಕ್ಕ ಮೊದಲ ಪಿತೂರಿ ಅದು. ಹಿಟ್ಟಿಗೆ ಸಕ್ಕರೆ ಹಾಕಿದರು, ಎಣ್ಣೆ ಹಾಕಿದರು, ಚಿಟಿಕೆ ಉಪ್ಪೂ ಹಾಕಿದರು. ದಾರದ ಚೂರು ಬೆರೆಸಿ, ನಾದಿ, ಕಾಳಿನ ಗಾತ್ರಕ್ಕೆ ಹೊಸೆದು, ಬಾಣಲೆಯಲ್ಲಿ ಹದವಾಗಿ ಹುರಿದರು. ಪಾಷಾಣದ ಕಾಳಿನ ಪಕ್ಕದಲ್ಲಿಟ್ಟರೆ ಹೆತ್ತ ತಾಯಿಗೂ ಗುರುತು ಸಿಗದಂತಿತ್ತು. ನಡುವೆ ಸೊಸೆಯನ್ನು ನೋಡಿ ಹೇಳಿದರು, “ನನ್ನ ಮಗನಿಗೆ ಇಷ್ಟು ಆಸ್ಥೆಯಿಂದ ಯಾವತ್ತಾದ್ರೂ ಏನಾದ್ರೂ ಮಾಡಿಕೊಟ್ಟಿದ್ದೀಯಾ?”

ಅವರ ಮಗ ಆ ಕೊರತೆಯನ್ನು ತಾನೇ ತುಂಬಿಕೊಂಡ. ಬೆಳಿಗ್ಗೆ ಎದ್ದು, ಆರಲು ಹರಡಿದ್ದ ತಟ್ಟೆಯಿಂದ ಎರಡು ಹಿಡಿ ಬಾಯಿಗೆ ಹಾಕಿಕೊಂಡು ಕೆಲಸಕ್ಕೆ ಹೋದ. ಮಧ್ಯಾಹ್ನದವರೆಗೆ ಅವನು “ಮುಂದೆ ಹೋಗಿ, ಮುಂದೆ ಹೋಗಿ” ಎಂದಾಗಲೆಲ್ಲ ಪ್ರಯಾಣಿಕರು ಹೇಳಿದ್ದಕ್ಕಿಂತ ಬೇಗ ಮುಂದೆ ಹೋದರು. ಬಸ್ಸಿನ ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡ ಮೇಲೆ ಕಾರಣ ತಿಳಿಯಿತು, ಕಡು ನೀಲಿ.

“ಏನು ತಿನ್ನಿಸಿದ್ರಿ ನಂಗೆ?” ಎಂದು ಸಂಜೆ ಬಾಗಿಲಲ್ಲೇ ಕೇಳಿದ.

“ಯಾರೂ ತಿನ್ನಿಸಿಲ್ಲ, ನೀವೇ ಕದ್ದು ತಿಂದದ್ದು. ಬರೀ ಹಿಟ್ಟು, ಹೆದರಬೇಡಿ. ಕೆಂಪು ದಾರ ಸಿಕ್ರೆ ಮಾತ್ರ ನನಗೆ ಹೇಳಿ, ಬರ್ಕೋಬೇಕು.”

ಮಾರನೆಯ ದಿನ ಗುರುವಾರ, ಕತ್ತರಿಯಕ್ಕ ಬಂಗಲೆಯ ಎಂಟೂ ಡಬ್ಬಿಗಳಿಂದ ಪಾಷಾಣ ತೆಗೆದು, ತಂದ ಬಕೆಟ್ಟಿಗೇ ತುಂಬಿಸಿ, ಉಗ್ರಾಣದ ಬೀರುವಿನಲ್ಲಿ ಬೀಗ ಹಾಕಿಟ್ಟಳು. ಡಬ್ಬಿಗಳಿಗೆ ಕೆಂಪು ದಾರದ ಹಿಟ್ಟಿನ ಕಾಳು ಹಾಕಿದಳು. ಹಳದಿ ದಾರದ ಕಾಳನ್ನು ಗೋದಾಮಿನ ಕಾವಲುಗಾರ ತಾನೇ ಮೂಟೆಗಳ ಸಂದಿಯಲ್ಲಿ ಇಟ್ಟ. ಮೈಮೇಲೆ ಕೂತ ಗೂಬೆ ಇಳಿಯುವುದಾದರೆ ಏನು ಬೇಕಾದರೂ ಮಾಡಲು ಅವನು ತಯಾರಿದ್ದ. ಯಾವ ದಿನ, ಯಾವ ಡಬ್ಬಿಗೆ, ಎಷ್ಟು ಲೋಟ ಎಂದು ಅವಳು ದಾರದ ಡಬ್ಬಿಯಲ್ಲೇ ಇದ್ದ ಹಳೆಯ ಹೊಲಿಗೆ ಅಳತೆ ಪುಸ್ತಕದಲ್ಲಿ ಬರೆದಿಟ್ಟಳು. ಒಂದು ಪುಟದ ಮೇಲ್ಭಾಗದಲ್ಲಿ ಯಾರದೋ ಸೊಂಟದ ಅಳತೆ, ಕೆಳಗೆ ಇಲಿಗಳ ಊಟ.

ಇಲಿಗಳಿಗೆ ಆ ರುಚಿ ಹಿಡಿಯಿತು. ಪಾಷಾಣವೂ ಇಲ್ಲ, ಹೊತ್ತೊತ್ತಿಗೆ ಎಣ್ಣೆ ಸಕ್ಕರೆಯ ಹುರಿದ ತಿಂಡಿ ಬೇರೆ. ಸುದ್ದಿ ಬಿಲದಿಂದ ಬಿಲಕ್ಕೆ ಹರಡಿರಬೇಕು. ಎರಡನೆಯ ವಾರಕ್ಕೆ ನಿರ್ದೇಶಕರ ಮೇಜಿನ ಖಾನೆಯಲ್ಲಿ ಒಂದು ಇಲಿ ಕಂಡಿತು. ಮೂರನೆಯ ವಾರ ಅವರು ಟೋಪಿ ಎತ್ತಿದರೆ ಒಳಗಿನಿಂದ ಒಂದು ಹಾರಿತು. ಅವರ ‘ರೈತನ ಮಿತ್ರ’ ಲೇಖನದ ಎರಡನೆಯ ಭಾಗದಲ್ಲಿ ನಡುವಿನ ನಾಲ್ಕು ಪುಟಗಳು ಇಲಿಗಳ ಪಾಲಾದವು.

“ಡಬ್ಬಿ ತುಂಬ್ತಾ ಇದ್ದೀಯಾ ತಾನೆ?” ಎಂದು ಅವರು ಕುರ್ಚಿಯ ಮೇಲಿನಿಂದ ಕೇಳಿದರು.

“ಒಂದು ದಿನಾನೂ ತಪ್ಪಿಸಿಲ್ಲ, ಸಾರ್.”

“ಹಾಗಿದ್ರೆ ಒಂದೊಂದಕ್ಕೆ ಎರಡು ಲೋಟ ಹಾಕು.”

“ಆಗ್ಲಿ, ಸಾರ್.”

ಮನೆಯಲ್ಲಿ ಅತ್ತೆ ತೋಳು ನೀವಿಕೊಂಡರು. “ಎರಡು ಲೋಟವಾ? ನಿಮ್ಮ ಸಾಹೇಬರು ಇಲಿ ಸಾಕ್ತಿದ್ದಾರಾ, ನಾವು ಸಾಕ್ತಿದ್ದೀವಾ?”

ಒಂಬತ್ತನೆಯ ದಿನವೇ ಮೊದಲ ಕೆಂಪು ದಾರ ಕಂಡಿತ್ತು. ನೆನೆದ ಕೂದಲ ನಡುವೆ, ಒಂದು ಇಲಿಯ ಪಕ್ಕೆಲುಬಿಗೆ ಸುತ್ತಿಕೊಂಡು. ಕತ್ತರಿಯಕ್ಕ ಅದನ್ನು ಚಿಮುಟದಲ್ಲಿ ಬೆಳಕಿಗೆ ಹಿಡಿದಳು. ಇಷ್ಟು ದಿನ ತಾನು ಸುರಿದದ್ದೆಲ್ಲ ಇದೇ ದಾರಿ ಹಿಡಿದು, ಡಬ್ಬಿಯಿಂದ ಇಲಿಗೆ, ಇಲಿಯಿಂದ ಮರಿಯ ಬಾಯಿಗೆ ಹೋಗಿದೆ. ಊಹೆ ನಿಜವಾದ ಖುಷಿಗಿಂತ ಆ ಮೂರು ಮರಿಗಳ ಭಾರವೇ ಹೆಚ್ಚಾಯಿತು. ಆಮೇಲೆ ದಾರವನ್ನು ಬಿಳಿ ಬಟ್ಟಲಿಗೆ ಹಾಕಿ, ತಾರೀಖು ಬರೆದು, ಡಾಕ್ಟ್ರಮ್ಮನ ಕಣ್ಣಿಗೆ ಬೀಳುವಂತೆ ಇಟ್ಟಳು.

ಡಾಕ್ಟ್ರಮ್ಮ ನೋಡಿದರು. “ಅಕ್ಕ, ನಿಮ್ಮ ಬಟ್ಟೆ ದಾರ ಉದುರ್ತಿದೆ. ಬಿಳಿ ಕೋಟು ಹಾಕ್ಕೊಳ್ಳಿ.”

ಹಾಕಿಕೊಂಡಳು. ದಾರ ಬರುವುದು ನಿಲ್ಲಲಿಲ್ಲ. ತಲೆಗೆ ಟೋಪಿ ಹಾಕಿಕೊಂಡಳು, ಆಗಲೂ ಬಂತು. ಕೊನೆಗೆ ಡಾಕ್ಟ್ರಮ್ಮ ತಾವೇ ಹೊಸ ಉಂಡೆ ಬಿಡಿಸಿದರು. ಅದರಲ್ಲಿ ಆರು ಚೂರು. ಅವರ ಮುಖ ಕೆಂಪಾಯಿತು, ಕಣ್ಣು ದೊಡ್ಡದಾಯಿತು. ಅಂದು ಊಟಕ್ಕೂ ಏಳದೆ ಬರೆಯುತ್ತ ಕೂತರು.

ಇಲ್ಲಿಂದ ಆಟ ಕತ್ತರಿಯಕ್ಕನ ಕೈ ಮೀರಿತು. ಬಟ್ಟೆಯ ನಾರು ಮಣ್ಣಿಗೆ ಸೇರಿ, ಮಣ್ಣಿನಿಂದ ಇಲಿಗೆ, ಇಲಿಯಿಂದ ಗೂಬೆಗೆ ಹೋಗುತ್ತಿದೆ, ಜೀವಜಾಲಕ್ಕೆ ಇದೊಂದು ಹೊಸ ಗಂಡಾಂತರ ಎಂದು ಡಾಕ್ಟ್ರಮ್ಮ ಹನ್ನೆರಡು ಪುಟದ ಟಿಪ್ಪಣಿ ಬರೆದರು. ಅದನ್ನು ಓದಿದ ನಿರ್ದೇಶಕರು ಕುರ್ಚಿಯಿಂದ ಇಳಿದು ಕೈ ಕುಲುಕಿದರು. ಮುಂದಿನ ಶುಕ್ರವಾರ ಕೇಂದ್ರಕ್ಕೆ ಹೊರಗಿನ ತಜ್ಞರು ಬರುವವರಿದ್ದರು. ಅವರ ಮುಂದೆ ಇದನ್ನೇ ಹೇಳುವುದೆಂದು ನಿರ್ಧಾರವಾಯಿತು. ಕೆಂಪು ದಾರದ ಚಿತ್ರವನ್ನು ಹಾಸಿಗೆಯಷ್ಟು ದೊಡ್ಡದು ಮಾಡಿಸಿದರು.

“ಹೇಳಿಬಿಡೇ,” ಎಂದ ಗಂಡ. “ಟಿಕೆಟ್ ಇಲ್ಲದೆ ಹತ್ತಿದವರು ತಾವಾಗೇ ಹೇಳಿದ್ರೆ ನಾನು ಅರ್ಧ ಬೈಗುಳಕ್ಕೆ ಬಿಟ್ಟುಬಿಡ್ತೀನಿ.”

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅವಳು ಅಳತೆ ಪುಸ್ತಕ ಹಿಡಿದು ಡಾಕ್ಟ್ರಮ್ಮನ ಮುಂದೆ ನಿಂತಳು. ಡಬ್ಬಿಯಿಂದ ಹಿಡಿದು ಅತ್ತೆಯ ಬಾಣಲೆಯವರೆಗೆ ಎಲ್ಲ ಹೇಳಿದಳು. ಗಂಡನ ನಾಲಿಗೆಯ ವಿಷಯವನ್ನೂ ಬಿಡಲಿಲ್ಲ. ಡಾಕ್ಟ್ರಮ್ಮನ ಮುಖದಲ್ಲಿ ಮೊದಲು ಬಣ್ಣ ಇಳಿಯಿತು.

“ಹನ್ನೆರಡು ಪುಟ ಬರ್ದೆ, ಅಕ್ಕ. ಒಂದು ಮಾತು ಹೇಳ್ಬಾರ್ದಾಗಿತ್ತಾ? ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?”

“ನಂಬಿಕೆ ಇತ್ತಮ್ಮ. ನೀವು ಹೋಗಿ ಜಗಳ ಆಡ್ತೀರಿ ಅನ್ನೋ ನಂಬಿಕೆ. ಗೂಬೆಗಳ ಜೊತೆ ನೀವೂ ಇಲ್ಲದೆ ಹೋಗಿದ್ರೆ ನಾನೇನು ಮಾಡ್ಲಿ?”

ಡಾಕ್ಟ್ರಮ್ಮ ಕೈ ಚಾಚಿ ಪುಸ್ತಕ ಇಸಿದುಕೊಂಡು, ಪುಟ ತಿರುವಿದರು. ತಾರೀಖುಗಳ ಮೇಲೆ ಬೆರಳು ಓಡಿತು. ನಿಂತಿತು. ಮತ್ತೆ ಓಡಿತು.

“ಹಳದಿ ಎಷ್ಟು ಸಿಕ್ತು?”

“ಆರು ವಾರಕ್ಕೆ ಅರವತ್ನಾಲ್ಕು ಉಂಡೆ. ಇಪ್ಪತ್ತೇಳರಲ್ಲಿ ಕೆಂಪು. ಎರಡರಲ್ಲಿ ಹಳದಿ. ಗೋದಾಮಿನ ಉಳಿದ ಇಲಿಗಳನ್ನ ಆ ಹದಿನಾಲ್ಕು ಬೆಕ್ಕು ಗೂಬೆಗೆ ಬಿಡಬೇಕಲ್ಲ.”

ಡಾಕ್ಟ್ರಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಅಳುತ್ತಿದ್ದಾರೆ ಎಂದು ಕತ್ತರಿಯಕ್ಕ ಹೆದರಿದಳು. ಭುಜ ಕುಲುಕಿದ್ದು ನಗುವಿಗೆ. ನಕ್ಕು ಮುಗಿಸಿ, ಹನ್ನೆರಡು ಪುಟವನ್ನು ಎರಡಾಗಿ ಹರಿದು, ನಿರ್ದೇಶಕರನ್ನು ಹುಡುಕಿಕೊಂಡು ಓಡಿದರು. ಆದರೆ ನಿರ್ದೇಶಕರು ಬಾಗಿಲಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದರು. “ಸಾರ್, ಆ ದಾರದ ವಿಷಯ” ಎಂದದ್ದಕ್ಕೆ, “ಈಗ ಬೇಡ, ಎಲ್ಲಾ ನಾನೇ ಹೇಳ್ತೀನಿ, ನೀವು ಕೂತ್ಕೊಳ್ಳಿ,” ಎಂದರು.

ಹಾಗಾಗಿ ಅವರೇ ಹೇಳಿದರು. ಹಾಸಿಗೆಯಷ್ಟು ದೊಡ್ಡ ಚಿತ್ರದ ಮುಂದೆ ನಿಂತು, ಇಪ್ಪತ್ತು ನಿಮಿಷ, ಕಂಠ ತುಂಬಿ. ಮುಗಿದ ಮೇಲೆ ಮುಂದಿನ ಸಾಲಿನ ವಯಸ್ಸಾದ ಪ್ರೊಫೆಸರಮ್ಮ ಕನ್ನಡಕ ಏರಿಸಿದರು.

“ಒಂದು ಸಣ್ಣ ಅನುಮಾನ. ಆ ದಾರದ ಚೂರುಗಳೆಲ್ಲ ಒಂದೇ ಉದ್ದ ಇದ್ದಾವಲ್ಲ? ಪ್ರಕೃತೀಲಿ ಇಷ್ಟು ಅಚ್ಚುಕಟ್ಟಾಗಿ ಕತ್ತರಿಸೋರು ಯಾರು?”

ನಿರ್ದೇಶಕರು ಡಾಕ್ಟ್ರಮ್ಮನ ಕಡೆ ನೋಡಿದರು. ಡಾಕ್ಟ್ರಮ್ಮ ಎದ್ದರು. “ಅವರು ಹಿಂದೆ ನಿಂತಿದ್ದಾರೆ, ಮೇಡಂ. ಕರೀಲಾ?”

ಕತ್ತರಿಯಕ್ಕ ಚಹಾ ತಟ್ಟೆಯನ್ನು ಪಕ್ಕದವರ ಮಡಿಲಿಗೆ ಇಟ್ಟು ಮುಂದೆ ಬಂದಳು. ನಾಲಿಗೆ ಎಂದಿನಂತೆ ನೆಟ್ಟಗಿತ್ತು.

“ದಾರ ಕತ್ತರಿಸಿದ್ದು ನಾನೇ. ಹಿಟ್ಟಲ್ಲಿ ಬೆರೆಸಿ ಇಲಿಗೆ ಹಾಕಿದ್ದು. ಗೂಬೆ ಯಾರ ಮನೆ ಇಲಿ ತಿಂತಾ ಇದೆ ಅಂತ ನೋಡಬೇಕಿತ್ತು. ಹಳದಿ ಗೋದಾಮಿಂದು.”

“ಕೆಂಪು?” ಎಂದರು ಪ್ರೊಫೆಸರಮ್ಮ.

ಕತ್ತರಿಯಕ್ಕ ನೆಲ ನೋಡಿದಳು. “ಸಾಹೇಬರ ಬಂಗಲೇದು. ಅಲ್ಲಿ ಪಾಷಾಣ ಹಾಕ್ತಾ ಇದ್ದವಳೂ ನಾನೇ, ಅಮ್ಮ. ಮರಿ ಸತ್ತದ್ದರಲ್ಲಿ ನನ್ನ ಕೈಯೂ ಇದೆ. ಅದಕ್ಕೇ ನಿಲ್ಲಿಸ್ದೆ.”

ಕಿಟಕಿಯ ಬಳಿ ಕೂತಿದ್ದವರೊಬ್ಬರು ಬರೆಯುವುದು ಬಿಟ್ಟು ತಲೆಯೆತ್ತಿದರು. ನಿರ್ದೇಶಕರು ಮುಂದೆ ಹೆಜ್ಜೆಯಿಟ್ಟು, ಮತ್ತೆ ಹಿಂದಿಟ್ಟು, ಚಿತ್ರವನ್ನೊಮ್ಮೆ ಅವಳನ್ನೊಮ್ಮೆ ನೋಡಿದರು.

“ಅಂದ್ರೆ ಆರು ವಾರದಿಂದ ನನ್ನ ಡಬ್ಬೀಲಿ ಇರೋದು ಬರೀ ಹಿಟ್ಟು?”

“ಬರೀ ಹಿಟ್ಟಲ್ಲ, ಸಾರ್. ಸಕ್ಕರೆ, ಎಣ್ಣೆ ಎಲ್ಲ ಇದೆ. ನಮ್ಮ ಅತ್ತೆ ಮಾಡಿದ್ದು.”

“ಎರಡೆರಡು ಲೋಟ.”

“ನೀವೇ ಹೇಳಿದ್ರಿ, ಸಾರ್.”

ಮೊದಲು ನಕ್ಕವರು ಪ್ರೊಫೆಸರಮ್ಮ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ನಿರ್ದೇಶಕರು ಮಾತ್ರ ನಗಲಿಲ್ಲ. ಕುರ್ಚಿಯಲ್ಲಿ ಕೂತರು, ಅಂದು ಕಾಲನ್ನೂ ಮೇಲೆತ್ತಲಿಲ್ಲ. ಯಾರಿಗೂ ಅಲ್ಲದೆ ತಮಗೇ ಎಂಬಂತೆ ಹೇಳಿದರು, “ಡಬ್ಬಿ ಒಳಗೆ ಹಕ್ಕಿ ಹೋಗಲ್ಲ ಅಂತ ಎಷ್ಟು ಸಲ ಅಳೆದು ನೋಡಿದ್ದೆ.”

ಮುಂದಿನ ಸೋಮವಾರ ಕತ್ತರಿಯಕ್ಕನಿಗೆ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಒಂದು, ಕೇಂದ್ರದ ಆವರಣದಲ್ಲಿ ಇನ್ನು ಮುಂದೆ ಯಾರೂ ಇಲಿ ಪಾಷಾಣ ಬಳಸಕೂಡದೆಂಬ ಆದೇಶದ ಪ್ರತಿ. ಇನ್ನೊಂದು ಅವಳ ಮೇಲಿನ ನೋಟಿಸು: ಅಪ್ಪಣೆಯಿಲ್ಲದೆ ಕೇಂದ್ರದ ಪಾಷಾಣದ ಬದಲಿಗೆ ಬೇರೆ ಪದಾರ್ಥ ಇಟ್ಟದ್ದೇಕೆ, ಮೂರು ದಿನದಲ್ಲಿ ಉತ್ತರಿಸತಕ್ಕದ್ದು. ಅಲ್ಲಿಗೆ ಗುಡ್ಡ ಅಗೆದು ಇಲಿ ಹಿಡಿದಂತಾಯಿತು ಎಂದು ಗಂಡ ನಕ್ಕ, ಅವಳು ನಗಲಿಲ್ಲ. ಕೂತು, ದುಂಡಗಿನ ಅಕ್ಷರದಲ್ಲಿ ಉತ್ತರ ಬರೆದಳು: “ಪಾಷಾಣದ ಒಂದು ಕಾಳೂ ಕಳೆದಿಲ್ಲ, ಬೀರುವಿನಲ್ಲಿದೆ, ನೋಡಬಹುದು. ಹಿಟ್ಟು ನಮ್ಮ ಮನೆಯದು. ಇಲಿಗಳಿಂದ ಸಾಹೇಬರಿಗೆ ಆದ ತೊಂದರೆಗೆ ವಿಷಾದವಿದೆ. ಗೂಬೆಗಳ ಪರವಾಗಿ ವಿಷಾದವಿಲ್ಲ.” ಕೊನೆಯ ವಾಕ್ಯವನ್ನು ಹೊಡೆದುಹಾಕಲು ಡಾಕ್ಟ್ರಮ್ಮ ಹೇಳಿದರು. ಅವಳು ಹೊಡೆದುಹಾಕಿದಳು, ಓದಲು ಬರುವಷ್ಟೇ ತೆಳುವಾಗಿ.

ನಿರ್ದೇಶಕರು ಓದಿದರೋ ಇಲ್ಲವೋ, ನೋಟಿಸು ಅಲ್ಲಿಗೇ ನಿಂತಿತು. ಗೋದಾಮಿಗೆ ಅವರು ಸ್ವತಃ ನಡೆದು ಹೋಗಿ ತಪ್ಪಾಯಿತೆಂದು ಹೇಳಿ, ಕಾವಲುಗಾರನ ಬಳಿ ಎರಡು ಬೆಕ್ಕು ಕೇಳಿ ತಂದರು. ಬಂಗಲೆಯ ತೂತುಗಳನ್ನೆಲ್ಲ ತಂತಿ ಬಲೆ, ಸಿಮೆಂಟು ಹಾಕಿ ಮುಚ್ಚುವ ಕೆಲಸ ಎರಡು ವಾರ ನಡೆಯಿತು. ಯಾವ ತೂತಿನಲ್ಲಿ ಇಲಿ ಓಡಾಡುತ್ತದೆಂದು ಆರು ವಾರದಲ್ಲಿ ಕತ್ತರಿಯಕ್ಕನಿಗಿಂತ ಚೆನ್ನಾಗಿ ಯಾರೂ ಕಲಿತಿರಲಿಲ್ಲ. ಅವಳು ಬೆರಳು ತೋರಿಸಿದಳು, ಗಾರೆಯವನು ಮುಚ್ಚಿದ. ಇಲಿಗಳು ಪೂರ್ತಿ ಹೋಗಲಿಲ್ಲ. ಕಡಿಮೆಯಾದವು. ವರ್ಷ ತಿರುಗುವ ಮುಂಚೆ ಅವಳ ಕೈಯಿಂದ ಪೊರಕೆ ಹೋಗಿ, ಪ್ರಯೋಗಾಲಯದ ಸಹಾಯಕಿ ಎಂಬ ಆದೇಶ ಬಂತು.

ಮುಂದಿನ ಸಲ ಟ್ಯಾಂಕಿನಲ್ಲಿ ಐದು ಮೊಟ್ಟೆಗಳಾದವು. ಒಂದು ಒಡೆಯಲಿಲ್ಲ. ಒಂದು ಮರಿ ಉಳಿದವುಗಳ ಕಾಲ್ತುಳಿತಕ್ಕೆ ಸಿಕ್ಕಿ ಸತ್ತಿತು. ಅದರ ಯಕೃತ್ತಿನಲ್ಲಿ ವಿಷವಿರಲಿಲ್ಲ ಎಂದು ವರದಿ ಬಂದಾಗ, ಸಾವಿನ ಸುದ್ದಿಗೆ ಸಮಾಧಾನಪಟ್ಟುಕೊಂಡದ್ದಕ್ಕೆ ಕತ್ತರಿಯಕ್ಕನಿಗೆ ನಾಚಿಕೆಯಾಯಿತು. ಉಳಿದ ಮೂರನ್ನು ತೂಗುವ ದಿನ ಅವಳೇ ಏಣಿ ಹತ್ತಿ, ತಾನು ಹೊಲಿದ ಬಟ್ಟೆಚೀಲದಲ್ಲಿ ಒಂದೊಂದಾಗಿ ಇಳಿಸಿದಳು. ಕೆಳಗೆ ನಿರ್ದೇಶಕರು ಕೈ ಚಾಚಿ ನಿಂತಿದ್ದರು. ಮೊದಲ ಮರಿ ಹಾವಿನಂತೆ ಬುಸುಗುಟ್ಟಿ ಅವರ ಹೆಬ್ಬೆರಳಿಗೆ ಉಗುರು ನೆಟ್ಟಿತು. ಅವರು ಕೈ ಎಳೆದುಕೊಳ್ಳಲಿಲ್ಲ. ಹಸುಗೂಸನ್ನು ಹಿಡಿದ ಹಾಗೆ ಹಿಡಿದು, ರೆಕ್ಕೆ ಸರಿಮಾಡಿ ತಕ್ಕಡಿಗೆ ಇಟ್ಟರು.

“ಎಷ್ಟು?” ಎಂದರು ಡಾಕ್ಟ್ರಮ್ಮ, ಪೆನ್ನು ಹಿಡಿದು.

“ಮುನ್ನೂರ ನಲವತ್ತು ಗ್ರಾಂ,” ಎಂದರು ನಿರ್ದೇಶಕರು. ಆಮೇಲೆ ಮೇಲೆ ನೋಡಿ, “ಇನ್ನೊಂದು ಇಳಿಸಮ್ಮ, ನಿಧಾನ.”

ಕತ್ತರಿಯಕ್ಕ ಟ್ಯಾಂಕಿನ ಕತ್ತಲೆಗೆ ಕೈ ಹಾಕಿದಳು.